ಕಲ್ಲಿನ ಕುದುರೆ ಓಡುವುದೇ? ಅನಿಮೇಷನ್ ಕಲಾವಿದರ ಚಿತ್ರಪುಸ್ತಕದಲ್ಲಿ ಭೌತವಿಜ್ಞಾನ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಜಗತಿಯನ್ನೇರಿ ಹೊರಗೋಡೆಯ ಸುತ್ತ ನಡೆದವರಿಗೆಲ್ಲ ಅಲ್ಲಿನ ಪಟ್ಟಿಕೆಗಳು ನೆನಪಿರುತ್ತವೆ. ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹಗಳು, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣದ ಕಥೆಗಳು, ಮಕರಗಳು, ಹಂಸಗಳು. ಸಿನಿಮಾ ಹುಟ್ಟುವ ಮೊದಲೇ ನಮ್ಮ ಶಿಲ್ಪಿಗಳು ಇಲ್ಲಿ ಅನಿಮೇಷನ್ ಮಾಡಿದ್ದರು ಎಂಬ ಮಾತೂ ಆಗಾಗ ಕಿವಿಗೆ ಬೀಳುತ್ತದೆ. ಇದು ಹೊಗಳಿಕೆಯ ಮಾತು, ನಿಜ. ಆದರೆ ಪರೀಕ್ಷೆಗೆ ಒಡ್ಡಬಹುದಾದ ಹೇಳಿಕೆಯೂ ಹೌದು. ಅಂಥ ಹೇಳಿಕೆ ಕೈಗೆ ಸಿಕ್ಕಾಗ ವಿಜ್ಞಾನದ ಅಧ್ಯಾಪಕರು ಅದನ್ನು ಸುಮ್ಮನೆ ಬಿಡಬಾರದು.

ಈ ಪರೀಕ್ಷೆಗೆ ನಮಗೆ ನೆರವಾಗಬಲ್ಲವರು ಅನಿಮೇಷನ್ ಕಲಾವಿದರು. ಸ್ಟುಡಿಯೋದಲ್ಲಿ ಅವರು ಬರೆಯುವುದು ಬಹುಮಟ್ಟಿಗೆ ಬೇರೆಯವರು ಗೊತ್ತುಮಾಡಿಕೊಟ್ಟ ಪಾತ್ರಗಳನ್ನು. ಅದರ ಹೊರಗೆ ಅವರಲ್ಲಿ ಅನೇಕರು ತಮ್ಮದೇ ಒಂದು ಚಿತ್ರಪುಸ್ತಕವನ್ನು ಇಟ್ಟುಕೊಂಡಿರುತ್ತಾರೆ. ಬಸ್ ನಿಲ್ದಾಣದಲ್ಲಿ, ಸಂತೆಯಲ್ಲಿ, ದೇವಾಲಯದ ಅಂಗಳದಲ್ಲಿ ಕುಳಿತು ತುಂಬಿಸುವ ಪುಸ್ತಕ ಅದು. ದೊಡ್ಡ ಸ್ವಂತ ಕೃತಿಗಳು ಹುಟ್ಟುವುದೂ ಇಂಥ ಪುಸ್ತಕಗಳಿಂದಲೇ. ಗೀತಾಂಜಲಿ ರಾವ್ ಅವರು ಬಹುಮಟ್ಟಿಗೆ ಒಬ್ಬರೇ ಚಿತ್ರಿಸಿದ 'ಪ್ರಿಂಟೆಡ್ ರೇನ್‌ಬೋ' (2006) ಸುಮಾರು 15 ನಿಮಿಷಗಳ ಚಿತ್ರ. ಸೆಕೆಂಡಿಗೆ 12 ಚಿತ್ರಗಳಂತೆ ಲೆಕ್ಕ ಹಾಕಿದರೂ 15 × 60 × 12, ಅಂದರೆ 10,800 ಚಿತ್ರಗಳಾಗುತ್ತವೆ. ನಮ್ಮ ಪುಣ್ಯಕೋಟಿಯ ಕಥೆಯನ್ನು ರವಿಶಂಕರ್ ಅವರು ಸಾರ್ವಜನಿಕರ ಧನಸಹಾಯ ಪಡೆದು ಸಂಸ್ಕೃತದಲ್ಲಿ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರವಾಗಿಸಿದರು. ಅದು 2020ರಲ್ಲಿ ಬಿಡುಗಡೆಯಾಯಿತು.

ಇಂಥ ಕಲಾವಿದರು ಹಳೇಬೀಡಿನ ಗೋಡೆಯ ಮುಂದೆ ಕುಳಿತರೆ ಏನನ್ನು ನೋಡುತ್ತಾರೆ? ಅವರ ಪುಟಗಳಲ್ಲಿ ಕಲೆಯ ಜೊತೆಗೆ ಅಳತೆಯೂ ಇರುತ್ತದೆ. ಪ್ರಯೋಗಶಾಲೆಯ ದಾಖಲೆ ಪುಸ್ತಕಕ್ಕೂ ಅದಕ್ಕೂ ನಾವು ಎಣಿಸಿದಷ್ಟು ದೂರವಿಲ್ಲ.

ಚಲನೆ ಎಲ್ಲಿದೆ?

ಮೊದಲು ಒಂದು ಹಳೆಯ ವಿವರಣೆಯನ್ನು ಸರಿಪಡಿಸಿಕೊಳ್ಳಬೇಕು. ಅಕ್ಷಿಪಟಲದ ಮೇಲೆ ಮೂಡಿದ ಬಿಂಬ ಸುಮಾರು 1/16 ಸೆಕೆಂಡು ಅಳಿಯದೆ ಉಳಿಯುತ್ತದೆ, ಅದಕ್ಕಿಂತ ಬೇಗ ಮುಂದಿನ ಚಿತ್ರ ಬಂದರೆ ಚಲನೆ ಕಾಣುತ್ತದೆ ಎಂದು ಪಠ್ಯಪುಸ್ತಕಗಳಲ್ಲಿ ಓದಿದ್ದೇವೆ. ಇದನ್ನು ದೃಷ್ಟಿ ಸಾತತ್ಯ ಎನ್ನುತ್ತೇವೆ. ಸ್ವಲ್ಪ ಯೋಚಿಸಿ ನೋಡಿ. ಹಿಂದಿನ ಚಿತ್ರ ಅಳಿಯದೆ ಉಳಿದು ಅದರ ಮೇಲೆ ಹೊಸ ಚಿತ್ರ ಬಿದ್ದರೆ ಆಗುವುದು ಕಲಸುಮೇಲೋಗರ. ಓಡುವ ಕುದುರೆಗೆ ಬದಲು ಹತ್ತಾರು ಕಾಲುಗಳ ಮಸುಕು ಪ್ರಾಣಿಯೊಂದು ಕಾಣಬೇಕಿತ್ತು! ಬೆಳಕಿನ ಮಿನುಗು ಏಕೆ ಕಾಣದಾಗುತ್ತದೆ ಎಂಬುದನ್ನು ವಿವರಿಸಲು ದೃಷ್ಟಿ ಸಾತತ್ಯ ಉಪಯುಕ್ತ. ಚಲನೆಯನ್ನು ವಿವರಿಸಲು ಅದು ಸಾಲದು.

1912ರಲ್ಲಿ ಜರ್ಮನಿಯಲ್ಲಿ ಮ್ಯಾಕ್ಸ್ ವರ್ಟ್‌ಹೈಮರ್ ತೋರಿಸಿದ್ದು ಇದನ್ನೇ. ಎರಡು ಗೆರೆಗಳನ್ನು ಬೇರೆ ಬೇರೆ ಸ್ಥಾನಗಳಲ್ಲಿ ತಕ್ಕ ಅಂತರದ ಕಾಲದಲ್ಲಿ ಒಂದಾದ ಮೇಲೊಂದು ತೋರಿಸಿದರೆ, ಒಂದೇ ಗೆರೆ ಅಲ್ಲಿಂದ ಇಲ್ಲಿಗೆ ಸರಿದಂತೆ ಕಾಣುತ್ತದೆ. ನಡುವಿನ ಚಲನೆಯನ್ನು ಕಟ್ಟಿಕೊಳ್ಳುವುದು ಮಿದುಳು. ಅದಕ್ಕೆ ಎರಡು ಷರತ್ತುಗಳು: ಚಿತ್ರಗಳ ನಡುವಿನ ಕಾಲ ಚಿಕ್ಕದಿರಬೇಕು, ಒಂದರಿಂದ ಇನ್ನೊಂದಕ್ಕೆ ಆಗುವ ಬದಲಾವಣೆಯೂ ಚಿಕ್ಕದಿರಬೇಕು. ಹಿಂದಿನ ಚಿತ್ರದ ಯಾವ ಕಾಲು ಈ ಚಿತ್ರದ ಯಾವ ಕಾಲಾಯಿತು ಎಂದು ಮಿದುಳು ಗುರುತಿಸುವಂತಿರಬೇಕು.

ಈಗ ನಮ್ಮ ಕುದುರೆ ಸಾಲಿಗೆ ಬರೋಣ. ಒಂದು ಕುದುರೆಯಿಂದ ಇನ್ನೊಂದಕ್ಕೆ ಅರ್ಧ ಮೀಟರ್ ಅಂತರ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ಸೆಕೆಂಡಿಗೆ 1 ಮೀಟರ್ ನಡೆಯುವ ಪ್ರವಾಸಿಗೆ ಸೆಕೆಂಡಿಗೆ ಎರಡೇ ಕುದುರೆ ಸಿಗುತ್ತವೆ. 12 ಕುದುರೆ ಬೇಕಾದರೆ ಸೆಕೆಂಡಿಗೆ 6 ಮೀಟರ್, ಅಂದರೆ ಗಂಟೆಗೆ 21.6 ಕಿ.ಮೀ. ವೇಗದಲ್ಲಿ ಜಗತಿಯ ಮೇಲೆ ಓಡಬೇಕು. ಓಡಿದರೂ ಕಾಣುವುದು ಉದ್ದಕ್ಕೆ ಎಳೆದ ಮಸುಕು ಪಟ್ಟಿ. ಏಕೆಂದರೆ ಪ್ರತಿ ಚಿತ್ರವೂ ಒಂದು ಕ್ಷಣ ಕಣ್ಣಿನಲ್ಲಿ ನಿಲ್ಲಬೇಕು. ಅದಕ್ಕೆ ಸೀಳುಕಿಂಡಿ ಬೇಕು. 1832ರಲ್ಲಿ ಬೆಲ್ಜಿಯಂನ ಭೌತವಿಜ್ಞಾನಿ ಜೋಸೆಫ್ ಪ್ಲಾಟೊ ತನ್ನ ತಿರುಗುವ ತಟ್ಟೆಯಲ್ಲಿ, 1834ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ನರ್ ತನ್ನ ತಿರುಗುವ ಡಬ್ಬಿಯಲ್ಲಿ ಬಳಸಿದ್ದು ಇದೇ ಉಪಾಯವನ್ನು. ಕಿಂಡಿ ಕಣ್ಣೆದುರು ಹಾಯುವ ಅತ್ಯಲ್ಪ ಕಾಲ ಮಾತ್ರ ಚಿತ್ರ ಕಾಣುತ್ತದೆ. ಕಿಂಡಿ ಕಿರಿದಾದಷ್ಟೂ ಚಿತ್ರ ಸ್ಪಷ್ಟ, ಆದರೆ ಬೆಳಕು ಕಡಿಮೆ.

ಗೋಡೆಯ ಚಿತ್ರಗಳನ್ನು ಹೀಗೆ ಓಡಿಸಿದ ಉದಾಹರಣೆಯೂ ಉಂಟು. ನ್ಯೂಯಾರ್ಕಿನ ಸುರಂಗ ರೈಲುಮಾರ್ಗದಲ್ಲಿ ಬಿಲ್ ಬ್ರಾಂಡ್ ಎಂಬ ಕಲಾವಿದ 1980ರಲ್ಲಿ 228 ಚಿತ್ರಫಲಕಗಳನ್ನು ಸಾಲಾಗಿ ಇಟ್ಟು ಅವುಗಳ ಮುಂದೆ ಕಿಂಡಿಗಳನ್ನು ಮಾಡಿದ. ರೈಲಿನ ಕಿಟಕಿಯಿಂದ ನೋಡುವವರಿಗೆ ಅದು ಸಿನಿಮಾ. ಅರಸೀಕೆರೆ ಜಂಕ್ಷನ್ನಿನಿಂದ ಹೊರಡುವ ರೈಲೊಂದು ಸೆಕೆಂಡಿಗೆ 10 ಮೀಟರ್ ವೇಗದಲ್ಲಿರುವಾಗ ಪಕ್ಕದ ಗೋಡೆಯಲ್ಲಿ 40 ಸೆಂ.ಮೀ.ಗೊಂದು ಕಿಂಡಿ ಇದ್ದರೆ ಸೆಕೆಂಡಿಗೆ 25 ಚಿತ್ರಗಳು ಕಾಣುತ್ತವೆ. ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಲೆಕ್ಕ.

ಹಳೇಬೀಡಿನ ಗೋಡೆಗೆ ಕಿಂಡಿಗಳನ್ನೂ ಒದಗಿಸಿದೆವೆನ್ನೋಣ. ಆಗಲೂ ಕುದುರೆ ಓಡಲಾರದು. ಅಲ್ಲಿನ ಕುದುರೆಗಳು ಒಂದೇ ಓಟದ ಒಂದಾದ ಮೇಲೊಂದು ಕ್ಷಣಗಳಲ್ಲ. ಬೇರೆ ಬೇರೆ ಕುದುರೆಗಳು, ಬೇರೆ ಬೇರೆ ಸವಾರರು. ಅದು ಮೆರವಣಿಗೆ. ಓಟದ ಕ್ಷಣಗಳನ್ನು ಬಿಡಿಸಿ ನೋಡಲು 1878ರವರೆಗೆ ಕಾಯಬೇಕಾಯಿತು. ಆ ವರ್ಷ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಓಟದ ದಾರಿಯುದ್ದಕ್ಕೂ 12 ಕ್ಯಾಮೆರಾಗಳನ್ನು ಸಾಲಾಗಿಟ್ಟು ಓಡುವ ಕುದುರೆಯನ್ನು ಸೆರೆಹಿಡಿದ. ನಾಲ್ಕೂ ಕಾಲುಗಳು ನೆಲ ಬಿಡುವ ಕ್ಷಣ ಒಂದಿದೆ. ಆದರೆ ಆಗ ಕಾಲುಗಳು ಹೊಟ್ಟೆಯಡಿ ಮಡಚಿಕೊಂಡಿರುತ್ತವೆ. ಅದುವರೆಗೆ ಯುರೋಪಿನ ಚಿತ್ರಕಾರರು ಅದೇ ಕ್ಷಣವನ್ನು ಕಾಲುಗಳನ್ನು ಮುಂದಕ್ಕೂ ಹಿಂದಕ್ಕೂ ಚಾಚಿದಂತೆ ಬರೆಯುತ್ತಿದ್ದರು. ಬರಿಗಣ್ಣಿನ ಮಿತಿಯೇ ಅಷ್ಟು. ಹೊಯ್ಸಳ ಶಿಲ್ಪಿಗೂ ಅದೇ ಕಣ್ಣು.

ಆದ್ದರಿಂದ ಪಟ್ಟಿಕೆಗಳು ಅನಿಮೇಷನ್ ಅಲ್ಲ. ಹೀಗೆಂದರೆ ಶಿಲ್ಪಿಗಳ ಹಿರಿಮೆ ಕುಗ್ಗುತ್ತದೆಂದು ನನಗನಿಸುವುದಿಲ್ಲ. ಅವರು ನಿಜವಾಗಿ ಸಾಧಿಸಿದ್ದು ಬೇರೆಯೇ. ಅದು ಕಾಣುವುದು ಬೇಲೂರಿನಲ್ಲಿ.

ಮದನಿಕೆಯ ತೂಕ

ಅನಿಮೇಷನ್‌ನಲ್ಲಿ ಒಂದು ಚಲನೆಯ ಎಲ್ಲ ಚಿತ್ರಗಳೂ ಸಮಾನವಲ್ಲ. ಹಿರಿಯ ಕಲಾವಿದರು ಮೊದಲು ಚಲನೆಯ ಮುಖ್ಯ ಭಂಗಿಗಳನ್ನು ಬರೆಯುತ್ತಾರೆ. ನಡುವಿನ ಚಿತ್ರಗಳನ್ನು ಆಮೇಲೆ ತುಂಬುವುದು. ಮುಖ್ಯ ಭಂಗಿಯ ಗುಣವೆಂದರೆ, ಅದೊಂದನ್ನೇ ನೋಡಿದರೂ ಹಿಂದಿನ ಕ್ಷಣವೂ ಮುಂದಿನ ಕ್ಷಣವೂ ಊಹೆಗೆ ಸಿಗಬೇಕು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರು ಅಂಥ ಭಂಗಿಗಳು. ಅವರಲ್ಲಿ ಕೆಲವರ ಕೆಳಗೆ ಶಿಲ್ಪಿಯ ಹೆಸರೂ ಇದೆ: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ರಾಜಾಶ್ರಯದ ಕೆಲಸದಲ್ಲೂ ತನ್ನ ಕೈಯ ಗುರುತನ್ನು ಉಳಿಸಿದ ಕಲಾವಿದರು ಇವರು.

ಕಲಾವಿದರ ಚಿತ್ರಪುಸ್ತಕ ಕೆಲಸ ಮಾಡುವ ಕ್ರಮ ಇಲ್ಲಿ ಚೆನ್ನಾಗಿ ಅರ್ಥವಾಗುತ್ತದೆ. ಮೊದಲ ಸುತ್ತಿನಲ್ಲಿ ಒಂದು ಶಿಲ್ಪಕ್ಕೆ ಅರ್ಧ ನಿಮಿಷಕ್ಕಿಂತ ಹೆಚ್ಚು ಕೊಡುವುದಿಲ್ಲ. ರಬ್ಬರ್ ಮುಟ್ಟುವಂತಿಲ್ಲ. ತಲೆಯಿಂದ ಭಾರ ಹೊತ್ತ ಪಾದದವರೆಗೆ ಒಂದೇ ಬಾಗಿದ ಗೆರೆ. ಎರಡನೆಯ ಸುತ್ತಿನಲ್ಲಿ ಎದೆಗೂಡು, ಸೊಂಟ, ತಲೆಗಳಿಗೆ ಮೂರು ಮೊಟ್ಟೆಯಾಕಾರಗಳು, ಭುಜದ ಗೆರೆ, ಸೊಂಟದ ಗೆರೆ. ಆಭರಣ ಎಲ್ಲಕ್ಕಿಂತ ಕೊನೆಗೆ. ಶಾಲಾ ಮಕ್ಕಳನ್ನು ಬೇಲೂರಿಗೆ ಕರೆದೊಯ್ದು ಚಿತ್ರ ಬರೆಸಿದರೆ ಸಾಮಾನ್ಯವಾಗಿ ಇದರ ತದ್ವಿರುದ್ಧವಾಗುತ್ತದೆ: ಓಲೆಯಿಂದ ಶುರುವಾಗಿ ಸೊಂಟಪಟ್ಟಿಗೆ ಬರುವಷ್ಟರಲ್ಲಿ ಕಾಗದ ಮುಗಿದಿರುತ್ತದೆ, ನಿಲ್ಲಲು ಕಾಲೇ ಇರುವುದಿಲ್ಲ.

ಎರಡನೆಯ ಸುತ್ತಿನಲ್ಲೇ ಭೌತವಿಜ್ಞಾನ ಅಡಗಿರುವುದು. ನೀವೇ ಎದ್ದು ನಿಂತು ದೇಹದ ಭಾರವನ್ನೆಲ್ಲ ಒಂದು ಕಾಲಿನ ಮೇಲೆ ಹಾಕಿ ನೋಡಿ. ಆ ಬದಿಯ ಸೊಂಟ ಮೇಲೇರುತ್ತದೆ, ಅದೇ ಬದಿಯ ಭುಜ ಕೆಳಗಿಳಿಯುತ್ತದೆ. ಗುರುತ್ವ ಕೇಂದ್ರದಿಂದ ಎಳೆದ ಲಂಬರೇಖೆ ಊರಿದ ಪಾದದೊಳಗೇ ಬೀಳಬೇಕು, ಇಲ್ಲವಾದರೆ ದೇಹ ಉರುಳುತ್ತದೆ. ತ್ರಿಭಂಗಿಯ ಸೊಗಸಿನ ಹಿಂದೆ ಈ ಸಮತೋಲದ ಲೆಕ್ಕವೂ ಇದೆ. ಮದನಿಕೆಯ ಫೋಟೊ ತೆಗೆದು, ಕೊರಳ ಗುಳಿಯಿಂದ ಗೆರೆ ಎಳೆದು ಅದು ಪಾದಕ್ಕೆ ತಾಗುವುದೋ ಎಂದು ವಿದ್ಯಾರ್ಥಿಗಳು ನೋಡಬಹುದು. ಒಂದು ಎಚ್ಚರಿಕೆ: ಈ ಶಿಲ್ಪಗಳು ಸೂರಿನ ಕೆಳಗೆ ಮುಂದಕ್ಕೆ ಬಾಗಿಸಿ ಕೂರಿಸಿದವು. ಪಕ್ಕದಿಂದ ತೆಗೆದ ಫೋಟೊ ಈ ಲೆಕ್ಕಕ್ಕೆ ಬಾರದು, ಎದುರಿನಿಂದ ತೆಗೆದದ್ದೇ ಬೇಕು.

ಇನ್ನೂ ಸೂಕ್ಷ್ಮವಾದದ್ದು ಕೊರಳ ಹಾರ. ತೂಗುಬಿಟ್ಟ ಪದಕ ಒಂದು ತೂಕದ ಗುಂಡು. ದೇಹ ನಿಶ್ಚಲವಾಗಿದ್ದರೆ ಅದು ನೇರ ಕೆಳಗೆ ತೂಗಬೇಕು. ದೇಹಕ್ಕೆ ಅಡ್ಡ ದಿಕ್ಕಿನಲ್ಲಿ ವೇಗೋತ್ಕರ್ಷವಿದ್ದರೆ ಜಡತ್ವದಿಂದಾಗಿ ಹಿಂದುಳಿದು ಓರೆಯಾಗುತ್ತದೆ. ಆ ಓರೆ ಕೋನದ ಸ್ಪರ್ಶಕವನ್ನು g ಯಿಂದ ಗುಣಿಸಿದರೆ ವೇಗೋತ್ಕರ್ಷ ಸಿಗುತ್ತದೆ. ಕೋನ 15 ಡಿಗ್ರಿ ಇದ್ದರೆ 9.8 × 0.268, ಅಂದರೆ ಸುಮಾರು 2.6 ಮೀ/ಸೆ². ಹಾರದ ಓರೆ ಶಿಲ್ಪಿಗೆ ಅಲಂಕಾರದ ಆಯ್ಕೆಯಾಗಿರಬಹುದು, ಕಲ್ಲು ಮುರಿಯದಿರಲಿ ಎಂಬ ಮುನ್ನೆಚ್ಚರಿಕೆಯೂ ಆಗಿರಬಹುದು. ಆದರೆ ಅನಿಮೇಷನ್ ಕಲಾವಿದರಿಗೆ ಇಲ್ಲಿ ಆಯ್ಕೆಯಿಲ್ಲ. ನರ್ತಕಿ ತಟ್ಟನೆ ನಿಂತ ಮೇಲೂ ಜಡೆ, ಸೆರಗು, ಹಾರಗಳು ಇನ್ನೂ ಕೆಲವು ಚಿತ್ರಗಳವರೆಗೆ ತೂಗಾಡದಿದ್ದರೆ, ಏನು ತಪ್ಪಿದೆ ಎಂದು ಹೇಳಲಾಗದ ಪ್ರೇಕ್ಷಕನಿಗೂ ಅದು ಮರದ ಗೊಂಬೆಯಂತೆ ಕಾಣುತ್ತದೆ.

ನಡುವಿನ ಚಿತ್ರಗಳ ಲೆಕ್ಕ

ನಡುವಿನ ಚಿತ್ರಗಳನ್ನು ಸಮ ಅಂತರದಲ್ಲಿ ತುಂಬಿದರೆ ಸಾಲದೆ? ಸಾಲದು. ಬಿಟ್ಟ ಚೆಂಡೊಂದು ಬೀಳುವುದನ್ನು ಸೆಕೆಂಡಿಗೆ 24 ಚಿತ್ರಗಳಲ್ಲಿ ತೋರಿಸಬೇಕೆನ್ನಿ. 6ನೆಯ ಚಿತ್ರದಲ್ಲಿ ಅದು 31 ಸೆಂ.ಮೀ. ಇಳಿದಿರಬೇಕು, 12ನೆಯದರಲ್ಲಿ 1.23 ಮೀಟರ್, 18ನೆಯದರಲ್ಲಿ 2.76 ಮೀಟರ್, 24ನೆಯದರಲ್ಲಿ 4.9 ಮೀಟರ್. ಒಂದೊಂದು ಹಂತದಲ್ಲಿ ಕ್ರಮಿಸುವ ದೂರಗಳ ಅನುಪಾತ 1 : 3 : 5 : 7. ಗೆಲಿಲಿಯೋ ಇಳಿಜಾರಿನ ಹಲಗೆಯ ಮೇಲೆ ಗುಂಡು ಉರುಳಿಸಿ ಕಂಡ ಬೆಸಸಂಖ್ಯೆಗಳ ನಿಯಮವೇ ಇದು! ಸಮೀಕರಣ ಗೊತ್ತಿಲ್ಲದ ಕಲಾವಿದರೂ ಕಾಗದದ ಅಂಚಿನಲ್ಲಿ ಅಂತರಗಳನ್ನು ಗೀಟುಗಳಾಗಿ ಗುರುತಿಸಿಕೊಳ್ಳುತ್ತಾರೆ. ಮೇಲೆ ಒತ್ತೊತ್ತಾಗಿ, ಕೆಳಗೆ ದೂರ ದೂರ. ಸಮ ಅಂತರದಲ್ಲಿ ಬರೆದ ಚೆಂಡು ಬೀಳುವುದಿಲ್ಲ, ದಾರ ಕಟ್ಟಿ ಇಳಿಸಿದಂತೆ ಇಳಿಯುತ್ತದೆ.

ಗಾತ್ರವೂ ಈ ಗೀಟುಗಳಲ್ಲಿ ಕಾಣುತ್ತದೆ. ಸಾಧಾರಣ ನಡಿಗೆಯಲ್ಲಿ ಮನುಷ್ಯನ ಒಂದು ಹೆಜ್ಜೆಗೆ 12 ಚಿತ್ರಗಳನ್ನು ಕೊಡುವುದು ರೂಢಿ. ಆನೆಗೆ ಅಷ್ಟೇ ಕೊಟ್ಟರೆ ಅದು ಆನೆಯ ವೇಷದ ಮನುಷ್ಯನಂತೆ ನಡೆಯುತ್ತದೆ. ಬೀಸುವ ಕಾಲನ್ನು ಲೋಲಕವೆಂದು ಸ್ಥೂಲವಾಗಿ ಭಾವಿಸಿದರೆ ಅದರ ಕಾಲಾವಧಿ ಉದ್ದದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ನಾಲ್ಕು ಪಟ್ಟು ಉದ್ದದ ಕಾಲಿಗೆ ಎರಡು ಪಟ್ಟು ಕಾಲ ಬೇಕು. ಹಳೇಬೀಡಿನ ಬುಡದ ಸಾಲಿನ ಆನೆಗೂ ಮೇಲಿನ ಸಾಲಿನ ಕುದುರೆಗೂ ಒಂದೇ ಲಯ ಕೂಡದು.

ಅರಸೀಕೆರೆಯ ನಕ್ಷತ್ರ

ಬೇಲೂರು, ಹಳೇಬೀಡುಗಳು 2023ರಲ್ಲಿ ಸೋಮನಾಥಪುರದೊಂದಿಗೆ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಅರಸೀಕೆರೆಗೆ ಬರುವವರು ಕಡಿಮೆ. ರೈಲು ಬದಲಾಯಿಸಲು ಇಳಿದವರೂ ಊರೊಳಗೆ ಹೋಗುವುದು ಅಪರೂಪ. ಸುಮಾರು 1220ರಲ್ಲಿ ಕಟ್ಟಿದ ಅಲ್ಲಿನ ಈಶ್ವರ ದೇವಾಲಯದ ಮುಂದಿನ ತೆರೆದ ಮಂಟಪದ ತಳವಿನ್ಯಾಸ 16 ಮೂಲೆಗಳ ನಕ್ಷತ್ರ. ಭೌತವಿಜ್ಞಾನದ ಅಧ್ಯಾಪಕರಿಗೆ ಮೂರರಲ್ಲಿ ಇದೇ ಹೆಚ್ಚು ಉಪಯುಕ್ತವೆಂದು ನನ್ನ ಅಭಿಪ್ರಾಯ.

ಇಂಥ ನಕ್ಷತ್ರವನ್ನು ಕಾಗದದ ಮೇಲೆ ಪಡೆಯುವ ವಿಧಾನ ಸರಳ. ಒಂದು ಚೌಕ ಬರೆಯಿರಿ. ಅದರ ಕೇಂದ್ರದ ಸುತ್ತ 22.5 ಡಿಗ್ರಿ ತಿರುಗಿಸಿ ಮತ್ತೊಂದು, ಇನ್ನೂ 22.5 ಡಿಗ್ರಿಗೆ ಮೂರನೆಯದು, ಹಾಗೆಯೇ ನಾಲ್ಕನೆಯದು. 16 ಮೂಲೆಗಳಾದವು. ತಿರುಗುವ ಚೌಕವೊಂದರ ನಾಲ್ಕು ಕ್ಷಣಗಳು ಒಂದೇ ಹಾಳೆಯ ಮೇಲೆ! ಅನಿಮೇಷನ್ ಕಲಾವಿದರು ದೀಪದ ಮೇಜಿನ ಮೇಲೆ ಹಿಂದಿನ ನಾಲ್ಕು ಹಾಳೆಗಳನ್ನು ಒಂದರ ಮೇಲೊಂದಿಟ್ಟು ನೋಡುವಾಗ ಕಾಣುವುದು ಇದೇ ಬಗೆಯ ಚಿತ್ರ.

ಈಗ ಈ ನಕ್ಷತ್ರವನ್ನೇ ತಿರುಗಿಸೋಣ. ಅದರ ಸಮಮಿತಿಯಿಂದಾಗಿ 22.5 ಡಿಗ್ರಿ ತಿರುಗಿಸಿದರೆ ಅದು ಮೊದಲಿನಂತೆಯೇ ಕಾಣುತ್ತದೆ. ಸೆಕೆಂಡಿಗೆ 24 ಚಿತ್ರಗಳ ಸಿನಿಮಾದಲ್ಲಿ ಪ್ರತಿ ಚಿತ್ರಕ್ಕೆ 22.5 ಡಿಗ್ರಿಯಂತೆ ತಿರುಗುವ ನಕ್ಷತ್ರ ಸೆಕೆಂಡಿಗೆ ಒಂದೂವರೆ ಸುತ್ತು, ನಿಮಿಷಕ್ಕೆ 90 ಸುತ್ತು ಹಾಕುತ್ತಿರುತ್ತದೆ. ಪರದೆಯ ಮೇಲೆ ಮಾತ್ರ ನಿಂತೇ ಇರುತ್ತದೆ. ವೇಗವನ್ನು ನಿಮಿಷಕ್ಕೆ 84 ಸುತ್ತಿಗೆ ಇಳಿಸಿ. ಈಗ ಪ್ರತಿ ಚಿತ್ರಕ್ಕೆ 21 ಡಿಗ್ರಿ. ಮಿದುಳು 21 ಡಿಗ್ರಿ ಮುಂದಿನ ಚಲನೆಯನ್ನು ಬಿಟ್ಟು, ಅದಕ್ಕಿಂತ ಚಿಕ್ಕದಾದ 1.5 ಡಿಗ್ರಿ ಹಿಂದಿನ ಚಲನೆಯನ್ನು ಆರಿಸಿಕೊಳ್ಳುತ್ತದೆ. ನಕ್ಷತ್ರ ಹತ್ತು ಸೆಕೆಂಡಿಗೊಂದು ಸುತ್ತಿನಂತೆ ಹಿಮ್ಮುಖವಾಗಿ ತಿರುಗುತ್ತದೆ! ಸಿನಿಮಾದಲ್ಲಿ ಗಾಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುವುದಕ್ಕೂ ಇದೇ ಕಾರಣ. ಪ್ರತಿ ಚಿತ್ರಕ್ಕೆ 11.25 ಡಿಗ್ರಿಗಿಂತ, ಅಂದರೆ ಸಮಮಿತಿ ಕೋನದ ಅರ್ಧಕ್ಕಿಂತ ಕಡಿಮೆ ತಿರುಗಿಸಿದರೆ ಮಾತ್ರ ದಿಕ್ಕು ಸರಿಯಾಗಿ ಕಾಣುತ್ತದೆ.

ರಟ್ಟಿನ ನಕ್ಷತ್ರ, ಚಿಕ್ಕ ಮೋಟಾರು, ವೇಗ ಬದಲಿಸುವ ವ್ಯವಸ್ಥೆ, ಮೊಬೈಲ್ ಕ್ಯಾಮೆರಾ ಇದ್ದರೆ ಪ್ರಯೋಗ ಸಿದ್ಧ. ಕ್ಯಾಮೆರಾ ಸೆಕೆಂಡಿಗೆ 30 ಚಿತ್ರ ತೆಗೆಯುವಂಥದಾದರೆ ನಕ್ಷತ್ರ ನಿಲ್ಲುವ ವೇಗ 30 ÷ 16, ಸೆಕೆಂಡಿಗೆ 1.875 ಸುತ್ತು. ಮೊದಲು ಲೆಕ್ಕ ಹಾಕಿಸಿ, ಆಮೇಲೆ ಮೋಟಾರು ಚಾಲೂ ಮಾಡಿ. ಒಂದೇ ಮೂಲೆಗೆ ಕೆಂಪು ಬಣ್ಣ ಹಚ್ಚಿದರೆ ಏನಾಗುತ್ತದೆಂದೂ ಕೇಳಿ. ಸಮಮಿತಿ ಮುರಿದುದರಿಂದ ಕೆಂಪು ಮೂಲೆ ಸೆಕೆಂಡಿಗೆ 1.875 ಸುತ್ತಿನ ನಿಜವೇಗವನ್ನು ಹೇಳಿಬಿಡುತ್ತದೆ, ಉಳಿದ 15 ಮೂಲೆಗಳು ನಿಂತೇ ಇರುತ್ತವೆ.

ಬೇಲೂರಿನ ನವರಂಗದ ನರಸಿಂಹ ಕಂಬ ಹಿಂದೆ ತಿರುಗುತ್ತಿತ್ತೆಂದು ಸ್ಥಳದಲ್ಲಿ ಹೇಳುತ್ತಾರೆ. ಅದರ ಮೈತುಂಬ ಚಿಕ್ಕ ಚಿಕ್ಕ ಶಿಲ್ಪಗಳು. ತಿರುಗಿದರೆ ಯಾರಿಗೂ ಗೊತ್ತಾಗುವಂತಿದೆ. ಹಳೇಬೀಡಿನ ತಿರುಗಣೆಯಲ್ಲಿ ಕಡೆದಂತಿರುವ ನುಣುಪು ಕಂಬಗಳ ಮಾತು ಬೇರೆ. ಎಷ್ಟು ಡಿಗ್ರಿ ತಿರುಗಿಸಿದರೂ ಅವು ಹಾಗೆಯೇ ಕಾಣುತ್ತವೆ. ಅಂಥ ಕಂಬ ತಿರುಗುವುದನ್ನು ತೋರಿಸಬೇಕಾದ ಅನಿಮೇಷನ್ ಕಲಾವಿದರು ಅದರ ಮೇಲೆ ಒಂದು ಬಿರುಕನ್ನೋ ಹೊಳಪಿನ ನಡುವೆ ಒಂದು ಕಲೆಯನ್ನೋ ಬರೆಯಲೇಬೇಕು.