ಕಲ್ಲಿನಡಿಯ ಕೂಡುಕುಟುಂಬ

ಪೂರ್ವ ಆಫ್ರಿಕೆಯ ಟ್ಯಾಂಗನಿಕಾವನ್ನು ಸರೋವರವೆನ್ನುವುದಕ್ಕಿಂತ ಸಿಹಿನೀರಿನ ಕಡಲೆನ್ನುವುದೇ ಲೇಸು. ಅದರ ಉದ್ದ ಸುಮಾರು 670 ಕಿಲೋಮೀಟರು. ಅತಿ ಆಳವಾದೆಡೆಯಲ್ಲಿ ತಳ ಮುಟ್ಟಲು 1,470 ಮೀಟರು ಇಳಿಯಬೇಕು. ನಾಲ್ಕು ದೇಶಗಳು ಅದರ ದಡವನ್ನು ಹಂಚಿಕೊಂಡಿವೆ. ಈ ಮಹಾಜಲರಾಶಿಯ ಅಂಚಿನಲ್ಲಿ, ನೀರೊಳಗಿನ ಕಲ್ಲುಗಳ ಸಂದಿನಲ್ಲಿ, ಬೆರಳುದ್ದದ ಮೀನೊಂದು ಸಂಸಾರ ಹೂಡಿಕೊಂಡಿದೆ. ಸಿಕ್ಲಿಡ್ ವಂಶದ ಮೀನು ಇದು. ಕೇರಳದ ಹಿನ್ನೀರಿನ ಕರಿಮೀನಿಗೆ ದೂರದ ದಾಯಾದಿ. 1952ರಲ್ಲಿ ಟ್ರೆವಾವಸ್ ಮತ್ತು ಪೋಲ್ ಎಂಬ ಮತ್ಸ್ಯಶಾಸ್ತ್ರಜ್ಞರು ಇದನ್ನು ವರ್ಣಿಸಿ 'ಪುಲ್ಕರ್' ಎಂದು ಕರೆದರು. ಲ್ಯಾಟಿನ್ನಿನಲ್ಲಿ ಹಾಗೆಂದರೆ ಚೆಲುವ. ಮರಳುಬಣ್ಣದ ನಯವಾದ ಮೈ, ಕವಲೊಡೆದು ಹಿಂದಕ್ಕೆ ಚಾಚಿದ ಬಾಲ, ಈಜುರೆಕ್ಕೆಗಳಂಚಿಗೆ ನಸುನೀಲಿ ಬೆರೆತ ಬಿಳುಪು. ಹೆಸರೇನೂ ಹುಸಿಯಲ್ಲ.

ಆದರೆ ವಿಜ್ಞಾನಿಗಳು ಮರುಳಾದದ್ದು ಇದರ ಚೆಲುವಿಗಲ್ಲ, ಗೃಹಕೃತ್ಯಕ್ಕೆ. ಒಂದು ಕಲ್ಲಿನಡಿಯ ಪೊಟರೆಯೇ ಮನೆ. ಅಲ್ಲಿ ಯಜಮಾನ, ಯಜಮಾನಿ. ಅವರ ಸುತ್ತ ಹಿರಿಕಿರಿಯ ಸಹಾಯಕ ಮೀನುಗಳು, ಕೆಲವೆಡೆ ಹತ್ತಕ್ಕೂ ಮಿಕ್ಕು. ಯಜಮಾನಿ ಕಲ್ಲಿಗೆ ಅಂಟಿಸಿದ ತತ್ತಿಗಳನ್ನು ಇವು ಬಾಯಿಂದ ಉಜ್ಜಿ ಶುಚಿಮಾಡುತ್ತವೆ, ಈಜುರೆಕ್ಕೆಯಿಂದ ಹೊಸನೀರು ಬೀಸುತ್ತವೆ. ಪೊಟರೆಯೊಳಕ್ಕೆ ಜಾರುವ ಮರಳನ್ನು ಬಾಯ್ತುಂಬ ಹೊತ್ತು ಹೊರಗೆ ಉಗುಳಿ ಬರುತ್ತವೆ. ಬೇಟೆಗಾರ ಮೀನುಗಳು ಮೇಲೆ ಬಿದ್ದರೆ ತಮಗಿಂತ ದೊಡ್ಡವೆಂಬುದನ್ನೂ ಲೆಕ್ಕಿಸದೆ ಎದುರು ನುಗ್ಗುತ್ತವೆ. ಸಹಾಯಕರಲ್ಲಿ ಹಲವು ಪ್ರಾಯಕ್ಕೆ ಬಂದವು. ಬೇರೆ ಮನೆ ಹೂಡಬಲ್ಲವು. ಆದರೂ ಪರರ ತತ್ತಿಗಳನ್ನು ಕಾಯುತ್ತ ಕುಳಿತಿವೆ.

ಏಕೆ? ಟಾಬೋರ್‌ಸ್ಕಿ ಮತ್ತು ಲಿಂಬರ್ಗರ್ ಎಂಬವರು 1981ರಲ್ಲಿ ಮೀನುಗಳಲ್ಲಿಯೂ ಇಂಥ ಸಹಾಯಕರುಂಟೆಂದು ಬರೆದಾಗ ಸಹಜವಾಗಿ ಹೊಳೆಯುವ ಉತ್ತರ ರಕ್ತಸಂಬಂಧ. ಅಣ್ಣ ತಮ್ಮನನ್ನು ಸಾಕುತ್ತಾನೆ, ಅದರಲ್ಲೇನು ವಿಚಿತ್ರ? ಆದರೆ ಯಜಮಾನನೋ ಯಜಮಾನಿಯೋ ಸತ್ತರೆ ಆ ಜಾಗಕ್ಕೆ ಬೇರೊಬ್ಬರು ಬರುತ್ತಾರೆ, ಸಹಾಯಕ ಮಾತ್ರ ಅಲ್ಲಿಯೇ ಉಳಿಯುತ್ತಾನೆ. ವಯಸ್ಸು ಏರಿದಂತೆಲ್ಲ ಅವನು ಕಾಯುವ ತತ್ತಿಗಳು ಅವನಿಗೆ ಹೊರಗಿನವಾಗುತ್ತ ಹೋಗುತ್ತವೆ. 2013ರಲ್ಲಿ ಪ್ರಕಟವಾದ ಪ್ರಯೋಗವಂತೂ ಇನ್ನೂ ಮುಂದೆ ಹೋಯಿತು: ಬಂಧುಗಳ ಮನೆಯಲ್ಲಿದ್ದ ಹೆಣ್ಣು ಸಹಾಯಕರಿಗಿಂತ ಪರರ ಮನೆಯಲ್ಲಿದ್ದವೇ ತತ್ತಿಗಳ ಆರೈಕೆಯನ್ನು ಹೆಚ್ಚು ಮಾಡಿದವು! ಕೂಡುಕುಟುಂಬದಲ್ಲಿ ಬೆಳೆದವರಿಗೆ ಇದನ್ನು ಓದಿ ನಗು ಬಂದರೆ ಆಶ್ಚರ್ಯವಿಲ್ಲ. ಸ್ವಂತ ಮಗನಿಗಿರುವ ಸಲಿಗೆ ಆಶ್ರಯಕ್ಕೆ ಬಂದವನಿಗೆಲ್ಲಿಯದು?

ಹಾಗಾದರೆ ಈ ದುಡಿಮೆ ವಾತ್ಸಲ್ಯವಲ್ಲ, ಬಾಡಿಗೆ. ಕಲ್ಲಿನ ಆಸರೆಯಿಲ್ಲದ ಒಂಟಿ ಮೀನು ಬೇಟೆಗಾರನಿಗೆ ತುತ್ತು. ಸಹಾಯಕನಿಗೂ ಇದು ತಿಳಿಯದೆ ಇಲ್ಲವೆಂಬಂತೆ ಅದರ ನಡತೆ. 2005ರ ಪ್ರಯೋಗವೊಂದರಲ್ಲಿ ಕೆಲವು ಸಹಾಯಕರಿಗೆ ಕಾವಲು ಮಾಡಲು ಅವಕಾಶ ಕೊಡದೆ ತಡೆದರು. ತಡೆ ತೆಗೆದೊಡನೆ ಅವು ಬೈಗುಳಕ್ಕೆ ಕಾಯದೆ ಮೊದಲಿಗಿಂತ ಹೆಚ್ಚಿನ ಸೇವೆಗೆ ತೊಡಗಿದವು. ದಂಡನೆಯೂ ಇಲ್ಲದಿಲ್ಲ. 2014ರಲ್ಲಿ ಕಂಡುಬಂದಂತೆ, ಮಂದಿ ಹೆಚ್ಚಿದ್ದ ಸಂಸಾರಗಳಲ್ಲಿ ಕೆಲಸ ತಪ್ಪಿದ ಸಹಾಯಕನಿಗೆ ಹಿರಿಯರಿಂದ ಪೆಟ್ಟು ಬೀಳುತ್ತಿತ್ತು. ಕೈಗಳು ಕಡಿಮೆಯಿದ್ದ ಮನೆಯಲ್ಲಿ ಅದೇ ತಪ್ಪನ್ನು ಕಂಡೂ ಕಾಣದಂತೆ ಬಿಡುತ್ತಿದ್ದರು. ಹಿರಿಯ ಮೀನು ಎದುರಾದಾಗ ಕಿರಿದು ಬಾಲವನ್ನು ನಡುಗಿಸಿ ತನ್ನ ವಿನಯವನ್ನು ತೋರಿಸುತ್ತದೆ. ಅಷ್ಟಾದರೂ ಮೇಲಿನವರ ಕಣ್ತಪ್ಪಿಸಿ ತತ್ತಿಯೊಂದನ್ನು ನುಂಗುವ ಸಹಾಯಕರೂ ಉಂಟು.

ಎಲ್ಲರ ಪಾಲಿಗೂ ಬಾಡಿಗೆ ಕೊನೆಯತನಕ ಬಾಡಿಗೆಯಾಗಿಯೇ ಇರುವುದಿಲ್ಲ. ಯಜಮಾನಿ ಸತ್ತರೆ ಸಹಾಯಕರಲ್ಲಿ ದೊಡ್ಡದಾದ ಹೆಣ್ಣಿಗೆ ಆ ಪೊಟರೆ ದೊರೆಯುವುದುಂಟು. ಆಗ ಅವಳು ಅದೇ ಕಲ್ಲಿಗೆ ತನ್ನ ತತ್ತಿಗಳನ್ನು ಅಂಟಿಸುತ್ತಾಳೆ. ನಿನ್ನೆಯವರೆಗೆ ಜತೆಯಲ್ಲಿ ಮರಳು ಹೊರುತ್ತಿದ್ದ ಕಿರಿಯ ಮೀನುಗಳು ಅವಳೆದುರು ಬಾಲ ನಡುಗಿಸುತ್ತವೆ.