ಒಂದೇ ಹೊಳ್ಳೆಯಲ್ಲಿ ರಕ್ತ: ಎಲ್ಲವೂ ‘ಉಷ್ಣ’ ಅಲ್ಲ

ಮೂಗಲ್ಲಿ ರಕ್ತ ಬಂತು ಅಂದ್ರೆ ನಮ್ಮ ಮನೆಗಳಲ್ಲಿ ಮೊದಲು ಬರೋ ಮಾತು ಒಂದೇ: ‘ಉಷ್ಣ ಆಗಿದೆ, ಎಳನೀರು ಕುಡಿ.’ ಜಯನಗರದಲ್ಲಿರೋ ನನ್ನ ಅಕ್ಕನ ಮಗನಿಗೂ ಅದನ್ನೇ ಹೇಳಿದ್ವಿ. ಆಗ ಅವನಿಗೆ 14 ವರ್ಷ. ಎಂಟು ತಿಂಗಳು ಎಳನೀರು, ರಾಗಿ ಅಂಬಲಿ, ತಲೆಗೆ ಹರಳೆಣ್ಣೆ ಎಲ್ಲಾ ಆಯ್ತು. ಬಹುಪಾಲು ಸಲ ಇದು ಸಣ್ಣ ವಿಷಯವೇ, ನಿಜ. ಆದರೆ ಅವನಿಗೆ ಪ್ರತಿ ಸಲ ರಕ್ತ ಬರ್ತಿದ್ದದ್ದು ಬಲಗಡೆ ಹೊಳ್ಳೆಯಿಂದಲೇ, ಆ ಕಡೆ ಮೂಗೂ ಕಟ್ಟಿತ್ತು. ‘ಒಂದೇ ಕಡೆ’ ಅನ್ನೋ ಸುಳಿವನ್ನ ಯಾರೂ ಗಮನಿಸಲಿಲ್ಲ, ನಾನೂ ಸೇರಿ.

ಕೊನೆಗೆ ಜೆಪಿ ನಗರದ ಇಎನ್‌ಟಿ ಡಾಕ್ಟರೊಬ್ಬರು 4 ಮಿಲಿಮೀಟರ್ ದಪ್ಪದ ಎಂಡೋಸ್ಕೋಪ್ ಬಿಟ್ಟು ನೋಡಿದ್ರು. ಮೂಗಿನ ಹಿಂಭಾಗದಲ್ಲಿ ನುಣುಪಾದ ಕೆಂಪು ಗಡ್ಡೆ. ತುಂಡು ತೆಗೆದು ಟೆಸ್ಟಿಗೆ ಕಳಿಸ್ತಾರೆ ಅಂದ್ಕೊಂಡೆ. ಅವರು ಮುಟ್ಟಲೇ ಇಲ್ಲ. ಅದು ಜುವೆನೈಲ್ ಆಂಜಿಯೋಫೈಬ್ರೋಮಾ, ಹೆಚ್ಚುಕಮ್ಮಿ ಹದಿಹರೆಯದ ಹುಡುಗರಿಗಷ್ಟೇ ಬರುವ ಅಪರೂಪದ ಗಡ್ಡೆ. ಕ್ಯಾನ್ಸರ್ ಅಲ್ಲ, ಆದರೆ ಒಳಗೆಲ್ಲಾ ರಕ್ತನಾಳ. ಕ್ಲಿನಿಕ್ಕಿನಲ್ಲಿ ಕತ್ತರಿಸಿದರೆ ರಕ್ತ ನಿಲ್ಲಿಸೋದೇ ಕಷ್ಟ. ಹಾಗಾಗಿ ಸಿಟಿ, ಎಂಆರ್‌ಐ ನೋಡಿ ತೀರ್ಮಾನ ಮಾಡ್ತಾರೆ. ಹಾಗೇ ಬಿಟ್ಟರೆ ಬೆಳೆದು ಕಣ್ಣಿನ ಕಡೆಗೋ ಮೆದುಳಿನ ಕಡೆಗೋ ನುಗ್ಗಬಹುದು.

ಮೆದುಳು ಅಷ್ಟು ಹತ್ತಿರಾನಾ? ಬಿಟಿಎಂನಲ್ಲಿ ಬಾಡಿಗೆಗಿರೋರಿಗೆ ಇದು ಬೇಗ ಅರ್ಥವಾಗುತ್ತೆ. ನಿಮ್ಮ ಚಾವಣಿ ಅಂದ್ರೆ ಮೇಲಿನ ಮನೆಯವರ ನೆಲ ತಾನೇ? ಹಾಗೇ ಮೂಗಿನ ಚಾವಣಿಯೇ ಮೆದುಳಿನ ನೆಲ. ಇದೇ ಸ್ಕಲ್ ಬೇಸ್. ಕೆಲವು ಕಡೆ ಆ ಮೂಳೆ ಕಾಗದದಷ್ಟು ತೆಳು.

ಮೊದಲೆಲ್ಲಾ ಇಂಥ ಗಡ್ಡೆಗೆ ಮೂಗಿನ ಪಕ್ಕ ಮುಖ ಕೊಯ್ಯಬೇಕಿತ್ತು. ಈಗ ಎಷ್ಟೋ ಗಡ್ಡೆಗಳನ್ನ ಹೊಳ್ಳೆಗಳ ಮೂಲಕವೇ ತೆಗೀತಾರೆ. ಎಲ್ಲವನ್ನೂ ಅಲ್ಲ, ತುಂಬಾ ಹರಡಿದ್ದರೆ ಹೊರಗಿಂದಲೂ ಕೊಯ್ಯಬೇಕಾಗಬಹುದು. ನಮ್ಮ ಹುಡುಗನಿಗೆ ಆಪರೇಷನ್ನಿನ ಹಿಂದಿನ ದಿನ ತೊಡೆಸಂದಿಯ ರಕ್ತನಾಳದಿಂದ ತೆಳುವಾದ ನಳಿಕೆ ಕಳಿಸಿ, ಗಡ್ಡೆಗೆ ರಕ್ತ ಕೊಡೋ ನಾಳಗಳನ್ನ ಮುಚ್ಚಿದ್ರು. ಮುಖದ ಮೇಲೆ ಒಂದು ಗೀರೂ ಇಲ್ಲ.

ಗಡ್ಡೆ ಚಾವಣಿಯನ್ನೇ ಕೊರೆದಿದ್ದರೆ ಕಥೆ ಬೇರೆ. ಅಲ್ಲಿ ಭಯ ಸೋರಿಕೆಯದು: ಮೆದುಳಿನ ಸುತ್ತಲಿನ ನೀರು ಮೂಗಿಗಿಳಿದರೆ ಸೋಂಕು ಮೇಲಕ್ಕೆ ಹತ್ತಬಹುದು. ಅರ್ಜೆಂಟೀನಾದ ಹದಾದ್, ಬಸ್ಸಾಗಸ್ತೆಗಿ ಅನ್ನೋ ಡಾಕ್ಟರುಗಳ ವಿಧಾನ 2006ರಲ್ಲಿ ಪ್ರಕಟವಾಯ್ತು. ಮೂಗಿನ ನಡುಗೋಡೆಯ ಪದರವನ್ನ ರಕ್ತನಾಳದ ಸಮೇತ ಬಿಡಿಸಿ ಆ ತೂತಿಗೆ ಹೊದಿಸೋದು. ಸೋರಿಕೆ ಬಹಳ ಕಡಿಮೆಯಾಯ್ತು. ಆದರೂ ಆಪರೇಷನ್ ಆದಮೇಲೆ ಉಪ್ಪುಪ್ಪಾದ ನೀರು ತೊಟ್ಟಿಕ್ಕಿದರೆ ತಕ್ಷಣ ಡಾಕ್ಟರಿಗೆ ಹೇಳಬೇಕು. ಮೂಗು ಸೀಟೋದಂತೂ ಬೇಡವೇ ಬೇಡ.

ಹೊಸೂರು ರಸ್ತೆಯಲ್ಲಿ ಕ್ಯಾನ್ಸರಿನ ಕಿದ್ವಾಯಿ, ಮೆದುಳಿನ ನಿಮ್ಹಾನ್ಸ್ ಅಕ್ಕಪಕ್ಕದಲ್ಲಿವೆ. ಸ್ಕಲ್ ಬೇಸ್ ಗಡ್ಡೆಗೂ ಹಾಗೇ, ಇಎನ್‌ಟಿ, ನ್ಯೂರೋಸರ್ಜನ್ ಇಬ್ಬರೂ ಬೇಕಾಗ್ತಾರೆ. ವಾರಗಟ್ಟಲೆ ಒಂದೇ ಕಡೆ ಮೂಗು ಕಟ್ಟಿದ್ರೆ, ಅದೇ ಕಡೆ ರಕ್ತ ಬರ್ತಿದ್ರೆ, ವಾಸನೆ ಹೋಗಿದ್ರೆ, ಎಂಡೋಸ್ಕೋಪ್ ಹಾಕಿ ನೋಡ್ತೀರಾ ಅಂತ ಕೇಳಿ.

ಈ ಗಡ್ಡೆ ಮತ್ತೆ ಬರಬಹುದು. ನಮ್ಮವನಿಗೆ ಈಗ 16, ಮುಂದಿನ ತಿಂಗಳು ಎಂಆರ್‌ಐ ಇದೆ. ಅಕ್ಕ ಆಗಲೇ ನಿದ್ದೆ ಬಿಟ್ಟಿದ್ದಾಳೆ. ಅವನು ಮಾತ್ರ, ‘ಮಾಮ, ಅವತ್ತು ಸ್ಕೂಲಿಗೆ ರಜಾ ತಾನೇ?’ ಅಂತಾನೆ.