ತಣ್ಣನೆಯ ಟೋಪಿಯ ಕೆಳಗೆ

“ಕೂದಲು ತಾನೆ ಮೇಡಂ, ಮತ್ತೆ ಬರುತ್ತದೆ ಬಿಡಿ” ಎಂದರು ವೈದ್ಯರು. ಅವರ ದನಿಯಲ್ಲಿ ಉಪೇಕ್ಷೆಯಿರಲಿಲ್ಲ, ಅವಸರವಿತ್ತು. ಬಾಗಿಲ ಹೊರಗೆ ಹತ್ತಾರು ಮಂದಿ ಸರದಿಗಾಗಿ ಕಾದಿದ್ದರು. ಅದು 2022ರ ಜೂನ್. ಎದೆಯ ಗಡ್ಡೆಯನ್ನು ತೆಗೆದು ಐದು ವಾರಗಳಾಗಿದ್ದವು. ಮೂರು ವಾರಕ್ಕೊಮ್ಮೆಯಂತೆ ಆರು ಸುತ್ತು ಕಿಮೊಥೆರಪಿ ಆಗಬೇಕೆಂದು ತೀರ್ಮಾನವಾಗಿತ್ತು. ಬದುಕುವ ಪ್ರಶ್ನೆಯನ್ನು ಕೇಳಿ ಮುಗಿಸಿದ್ದೆ. ಆಮೇಲೆ ಕೇಳಿದ ಮೊದಲ ಪ್ರಶ್ನೆಯೇ ಕೂದಲಿನದು. ಕೇಳಿದ ಮರುಕ್ಷಣ ನನಗೇ ನಾಚಿಕೆಯಾಯಿತು. ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವಳು, ಐವತ್ತಾರರ ವಯಸ್ಸಿನಲ್ಲಿ ಜಡೆಯ ಚಿಂತೆ ಮಾಡುವುದೇ?

ಆದರೆ ನಾನು ಕೇಳಿದ್ದು ಸೌಂದರ್ಯದ ಕಾರಣಕ್ಕಲ್ಲ. ಶಿವಮೊಗ್ಗದಲ್ಲಿ ಎಂಬತ್ತಮೂರು ವರ್ಷದ ತಾಯಿಯಿದ್ದಳು. ಅವಳಿಗೆ ಕಾಯಿಲೆಯ ಸುದ್ದಿಯನ್ನೇ ನಾವು ತಿಳಿಸಿರಲಿಲ್ಲ. ಪ್ರತಿದಿನ ಸಂಜೆ ಫೋನಿನ ಪರದೆಯಲ್ಲಿ ನನ್ನ ಮುಖ ನೋಡದೆ ಅವಳಿಗೆ ದೀಪ ಹಚ್ಚುವ ಮನಸ್ಸಾಗುತ್ತಿರಲಿಲ್ಲ. ಅವಳು ಹುಟ್ಟಿ ಬೆಳೆದ ಮನೆಯಲ್ಲಿ ಒಬ್ಬ ಸೋದರತ್ತೆಯಿದ್ದರಂತೆ; ಹದಿನಾರಕ್ಕೆ ವಿಧವೆಯಾಗಿ, ಕೇಶಮುಂಡನ ಮಾಡಿಸಿಕೊಂಡು, ಕೆಂಪು ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದು ಅರವತ್ತು ವರ್ಷ ಒಲೆಯ ಮುಂದೆ ಕಳೆದವರು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ 1976ರಲ್ಲಿ ಬಂದಾಗ ಅಮ್ಮ ಅದನ್ನು ಅರ್ಧಕ್ಕೇ ಮುಚ್ಚಿಟ್ಟಳು. 1983ರಲ್ಲಿ ಪ್ರೇಮಾ ಕಾರಂತರು ಅದನ್ನು ಚಲನಚಿತ್ರ ಮಾಡಿದರು. ಅದನ್ನಂತೂ ನೋಡಲೇ ಇಲ್ಲ. ಹೆಣ್ಣಿನ ಬೋಳುತಲೆ ಎಂದರೆ ಅವಳ ಪಾಲಿಗೆ ಒಂದು ರೋಗದ ಲಕ್ಷಣವಲ್ಲ, ಒಂದು ಮನೆಯ ಮೇಲೆ ಎರಗಿದ ಶಾಪ. ಇಂತಹ ನೆನಪುಗಳಿರುವ ನಾಡಿನಲ್ಲಿ “ಕೂದಲು ತಾನೆ” ಎಂಬ ಮಾತು ಎಷ್ಟು ಹಗುರವೋ ಅಷ್ಟೇ ಭಾರವೂ ಹೌದು.

ತಣ್ಣನೆಯ ಟೋಪಿಯ ವಿಷಯವನ್ನು ನನಗೆ ಹೇಳಿದವರು ವೈದ್ಯರಲ್ಲ, ಡೇ ಕೇರ್ ವಾರ್ಡಿನ ಸಿಸ್ಟರ್. “ನಮ್ಮಲ್ಲೊಂದು ಯಂತ್ರ ಇದೆ ಮೇಡಂ, ಕೇಳಿದವರಿಗೆ ಮಾತ್ರ ಹೇಳ್ತೀವಿ” ಎಂದರು. ಕೇಳದವರ ಗತಿಯೇನು ಎಂದು ಆಗ ಹೊಳೆಯಲಿಲ್ಲ.

ಇದರ ಹಿಂದಿನ ತತ್ತ್ವ ಬಹಳ ಸರಳವಾದುದು. ಕಿಮೊಥೆರಪಿಯ ಔಷಧಗಳು ವೇಗವಾಗಿ ವಿಭಜನೆಗೊಳ್ಳುವ ಜೀವಕೋಶಗಳನ್ನು ಅರಸಿ ಹೊಡೆಯುತ್ತವೆ. ಕ್ಯಾನ್ಸರ್ ಕೋಶಗಳು ಹಾಗೆ ವಿಭಜನೆಗೊಳ್ಳುತ್ತವೆ. ಕೂದಲಿನ ಬುಡದ ಕೋಶಗಳೂ ಅಷ್ಟೇ. ನಮ್ಮ ತಲೆಯಲ್ಲಿರುವ ಸುಮಾರು ಒಂದು ಲಕ್ಷ ಕೂದಲುಗಳಲ್ಲಿ ಹತ್ತರಲ್ಲಿ ಒಂಬತ್ತರಷ್ಟು ಯಾವಾಗಲೂ ಬೆಳೆಯುವ ಹಂತದಲ್ಲಿಯೇ ಇರುತ್ತವೆ. ಆದ್ದರಿಂದಲೇ ಮೊದಲ ಸುತ್ತಿನ ಎರಡು ಮೂರು ವಾರಗಳಲ್ಲಿ ಅವು ಹಿಡಿ ಹಿಡಿಯಾಗಿ ಕೈಗೆ ಬರುವುದು. ಔಷಧ ರಕ್ತದಲ್ಲಿ ಹರಿಯುವ ಹೊತ್ತಿನಲ್ಲಿ ನೆತ್ತಿಯ ಚರ್ಮವನ್ನು ಸುಮಾರು 18ರಿಂದ 22 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿದರೆ ಅಲ್ಲಿನ ರಕ್ತನಾಳಗಳು ಕುಗ್ಗುತ್ತವೆ, ಬುಡಕ್ಕೆ ತಲಪುವ ಔಷಧದ ಪ್ರಮಾಣ ಇಳಿಯುತ್ತದೆ, ಕೋಶಗಳ ಚಟುವಟಿಕೆಯೂ ಮಂದವಾಗುತ್ತದೆ. ಚಳಿಗಾಲದಲ್ಲಿ ಅಂಗಡಿಯವನು ಅರ್ಧ ಬಾಗಿಲು ಹಾಕಿ ಕೂರುವಂತೆ!

1970ರ ದಶಕದಿಂದಲೇ ಮಂಜುಗಡ್ಡೆಯ ಚೀಲಗಳನ್ನು ಕಟ್ಟಿ ಇದನ್ನು ಪ್ರಯತ್ನಿಸಿದ್ದುಂಟು. ಯಂತ್ರದ ಕಥೆ ಸ್ವಾರಸ್ಯಕರವಾಗಿದೆ. ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನ ಗ್ಲೆನ್ ಪ್ಯಾಕ್ಸ್‌ಮನ್ ಅವರದು ಬಿಯರ್ ತಣಿಸುವ ಯಂತ್ರಗಳ ಉದ್ಯಮ. 1990ರ ದಶಕದಲ್ಲಿ ಅವರ ಪತ್ನಿ ಸ್ಯೂ ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುವಾಗ ಅಂದಿನ ಹಿಮಟೋಪಿ ಫಲ ನೀಡದೆ ಕೂದಲು ಉದುರಿತು. ಬಿಯರನ್ನು ಒಂದೇ ಉಷ್ಣತೆಯಲ್ಲಿ ಇಡಬಲ್ಲ ತನಗೆ ತಲೆಯನ್ನು ಇಡಲಾಗದೇ ಎಂಬ ಹಟದಿಂದ ಹುಟ್ಟಿದ್ದು ತಂಪು ದ್ರವ ನಿರಂತರವಾಗಿ ಹರಿಯುವ ಟೋಪಿ. ಸ್ವೀಡನ್ನಿನ ಕಂಪೆನಿಯೊಂದು ತಯಾರಿಸಿದ ‘ಡಿಗ್ನಿಕ್ಯಾಪ್’ಗೆ ಅಮೆರಿಕದ ಎಫ್‌ಡಿಎ 2015ರ ಡಿಸೆಂಬರ್‌ನಲ್ಲಿ ಒಪ್ಪಿಗೆ ನೀಡಿತು, ಪ್ಯಾಕ್ಸ್‌ಮನ್ ಟೋಪಿಗೆ 2017ರಲ್ಲಿ.

ಫಲ ಎಷ್ಟು? ಇಲ್ಲಿ ಉತ್ಪ್ರೇಕ್ಷೆ ಸಲ್ಲದು. 2017ರ ಫೆಬ್ರವರಿಯಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ ‘ಜಾಮಾ’ದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಟೋಪಿ ಧರಿಸಿದ 95 ಮಹಿಳೆಯರ ಪೈಕಿ 48 ಮಂದಿ ಅರ್ಧಕ್ಕಿಂತ ಹೆಚ್ಚು ಕೂದಲನ್ನು ಉಳಿಸಿಕೊಂಡರು; ಧರಿಸದ 47 ಮಂದಿಯಲ್ಲಿ ಒಬ್ಬರೂ ಇಲ್ಲ. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು ನಮ್ಮವರ ದಟ್ಟ ಕೂದಲಿನ ಮೇಲೆಯೇ ಇದನ್ನು ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಲ್ಲಿಯೂ ಟೋಪಿ ಧರಿಸಿದವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿಗೆ ಕೂದಲು ಉಳಿಯಿತು, ಧರಿಸದವರಲ್ಲಿ ಯಾರಿಗೂ ಉಳಿಯಲಿಲ್ಲ. ಔಷಧದ ಮೇಲೂ ಇದು ನಿಂತಿದೆ. ರೋಗಿಗಳು ‘ಕೆಂಪು ಔಷಧ’ ಎಂದು ಹೆದರುವ ಡಾಕ್ಸೊರುಬಿಸಿನ್ ಮುಂದೆ ಟೋಪಿಯ ಆಟ ಅಷ್ಟಾಗಿ ನಡೆಯದು. ರಕ್ತದ ಕ್ಯಾನ್ಸರ್ ಇರುವವರಿಗೆ ಇದನ್ನು ಹಾಕುವಂತೆಯೇ ಇಲ್ಲ. ನೆತ್ತಿಯಲ್ಲಿ ಕ್ಯಾನ್ಸರ್ ಕೋಶಗಳು ಉಳಿದುಬಿಟ್ಟರೆ ಎಂಬ ಭಯ ಬಹುಕಾಲ ಇತ್ತು. ಸ್ತನ ಕ್ಯಾನ್ಸರಿನಲ್ಲಿ ಹಾಗಾಗುವುದು ಟೋಪಿ ಧರಿಸಿದವರಲ್ಲೂ ಧರಿಸದವರಲ್ಲೂ ನೂರಕ್ಕೆ ಒಂದಕ್ಕಿಂತ ಕಡಿಮೆ ಎಂದು ಕಂಡುಬಂದಿದೆ.

ನನ್ನ ಔಷಧ ಡೊಸಿಟಾಕ್ಸೆಲ್. “ಮತ್ತೆ ಬರುತ್ತದೆ” ಎಂಬ ಭರವಸೆಗೆ ಇದರಲ್ಲಿ ಸಣ್ಣದೊಂದು ಬಿರುಕಿದೆ ಎಂಬುದನ್ನು ನಾನೇ ಓದಿ ತಿಳಿಯಬೇಕಾಯಿತು. ಕೆಲವರಲ್ಲಿ ಕೂದಲು ಶಾಶ್ವತವಾಗಿ ಬಾರದಿರಬಹುದೆಂಬ ಎಚ್ಚರಿಕೆ 2015ರಿಂದ ಅಮೆರಿಕದಲ್ಲಿ ಈ ಔಷಧದ ಮಾಹಿತಿಪತ್ರದಲ್ಲಿಯೇ ಇದೆ.

ಆರು ಸುತ್ತಿಗೆ ಟೋಪಿಯ ಬಾಡಿಗೆ ನನ್ನ ಒಂದು ತಿಂಗಳ ಪಿಂಚಣಿಯನ್ನು ಮೀರಿತು. ವಿಮಾ ಕಂಪೆನಿಯವರು ‘ಸೌಂದರ್ಯವರ್ಧಕ’ ಎಂಬ ಒಂದೇ ಪದದಲ್ಲಿ ಅರ್ಜಿಯನ್ನು ತಳ್ಳಿಹಾಕಿದರು. ನಮ್ಮ ಯಜಮಾನರು ಮಾತಾಡದೆ ಚೆಕ್ ಬರೆದರು.

ಔಷಧ ಏರಿಸುವುದಕ್ಕೆ ಅರ್ಧ ಗಂಟೆ ಮೊದಲು ಕೂದಲನ್ನು ಒದ್ದೆ ಮಾಡಿ, ಬೈತಲೆ ತೆಗೆದು, ಟೋಪಿಯನ್ನು ನೆತ್ತಿಗೆ ಎಲ್ಲಿಯೂ ಸಂದು ಬಿಡದಂತೆ ಬಿಗಿಯುತ್ತಾರೆ. ಮೊದಲ ಹದಿನೈದು ನಿಮಿಷ ನರಕ. ಐಸ್‌ಕ್ರೀಮನ್ನು ಗಬಕ್ಕನೆ ನುಂಗಿದಾಗ ಹಣೆಯಲ್ಲಿ ಚುಚ್ಚುತ್ತದಲ್ಲ, ಆ ನೋವು ಬಿಡದೆ ಕೂತಂತೆ. ಆಮೇಲೆ ತಲೆ ಮರಗಟ್ಟುತ್ತದೆ. ಔಷಧ ಮುಗಿದ ಮೇಲೂ ಒಂದೂವರೆ ಗಂಟೆ ಟೋಪಿ ತೆಗೆಯುವಂತಿಲ್ಲ. ಎರಡು ಕಂಬಳಿ ಹೊದ್ದು ನಡುಗುತ್ತಾ ಕುಳಿತ ನನ್ನನ್ನು ಪಕ್ಕದ ಕುರ್ಚಿಯ ಹೆಂಗಸು ಬೆರಗಿನಿಂದ ನೋಡುತ್ತಿದ್ದಳು.

ರಾಮನಗರದ ಕಡೆಯವಳು, ರೇಷ್ಮೆ ಬಿಚ್ಚಾಣಿಕೆಯ ಕೆಲಸ. ಸರ್ಕಾರಿ ಕಾರ್ಡಿನ ಮೇಲೆ ಚಿಕಿತ್ಸೆ, ಕೈಗೆ ಏರುತ್ತಿದ್ದುದು ಕೆಂಪು ಔಷಧ. “ಅದೇನಕ್ಕ ತಲೆ ಮ್ಯಾಲೆ? ಅದೂ ಔಸ್ತಿನಾ?” ಎಂದು ಕೇಳಿದಳು. ವಿವರಿಸಿದೆ. ಅಂಥದೊಂದು ಇದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೊಳಗ ಕುದಿಯೋ ನೀರಲ್ಲಿ ಗೂಡು ಹುಡುಕೋ ಕೈಯಿ ನಂದು, ಈ ಚಳಿ ಒಂದು ತಡಕೋತಿದ್ದೆ” ಎಂದಳು. ಮೂರನೆಯ ಸುತ್ತಿನ ಹೊತ್ತಿಗೆ ಅವಳ ತಲೆ ಪೂರ್ತಿ ಬೋಳಾಗಿತ್ತು. ತಿಮ್ಮಪ್ಪನಿಗೆ ಮುಡಿ ಕೊಟ್ಟು ಬಂದೆನೆಂದು ಊರಲ್ಲಿ ಹೇಳಿದ್ದಳಂತೆ. “ಒಂದ್ ತಿಂಗಳು ನಂಬಿದ್ರು ಅಕ್ಕ. ಈಗ ತಲೆ ಇನ್ನೂ ಹಂಗೇ ಐತಲ್ಲ, ತಿಂಗಳಿಗೊಂದು ದೇವರ ಹೆಸರು ಎಲ್ಲಿಂದ ತರಲಿ?” ಎಂದು ನಕ್ಕಳು. ಮಗಳಿಗೆ ಗಂಡು ನೋಡುತ್ತಿದ್ದರು. ತಾಯಿಯ ಕಾಯಿಲೆ ತಿಳಿದರೆ ಸಂಬಂಧ ಮುರಿಯುತ್ತದೆಂಬ ಭಯ ಆ ನಗುವಿನ ಕೆಳಗಿತ್ತು.

ಇದನ್ನು ‘ಸೌಂದರ್ಯವರ್ಧಕ’ವೆಂದು ಕರೆದ ಗುಮಾಸ್ತರನ್ನು ಒಂದು ದಿನ ಆ ಎರಡು ಕುರ್ಚಿಗಳ ನಡುವೆ ಕೂರಿಸಬೇಕೆನಿಸಿತು. ಕೂದಲು ಹೋಗುವುದೆಂದರೆ ಕಾಯಿಲೆಯ ಸುದ್ದಿಯನ್ನು ಯಾರಿಗೆ, ಯಾವಾಗ ಹೇಳಬೇಕೆಂಬ ಹಕ್ಕೂ ಕೈತಪ್ಪುವುದು. ಇಂಗ್ಲೆಂಡಿನಲ್ಲಿ ‘ವಾಕ್ ದಿ ವಾಕ್’ ಎಂಬ ದತ್ತಿ ಸಂಸ್ಥೆ ನಡುರಾತ್ರಿಯ ನಡಿಗೆಗಳನ್ನು ಏರ್ಪಡಿಸಿ ಕೂಡಿಸಿದ ಹಣದಿಂದ ಆಸ್ಪತ್ರೆಗಳಿಗೆ ಇಂತಹ ಯಂತ್ರಗಳನ್ನು ಕೊಡಿಸಿದೆ. ವರ್ಷವಿಡೀ ಒಂದಿಲ್ಲೊಂದು ಓಟ ನಡೆಯುವ ಬೆಂಗಳೂರಿಗೆ ಇದು ಅಸಾಧ್ಯವೇ? ಗುಲಾಬಿ ರಿಬ್ಬನ್ನಿಗಿಂತ ಒಂದು ಯಂತ್ರ ಹೆಚ್ಚು ಕಾಲ ಬಾಳುತ್ತದೆ. ಒಂದು ಪೈಸೆ ಖರ್ಚಿಲ್ಲದ ಕೆಲಸವೂ ಇದೆ: ಮೊದಲ ಸುತ್ತಿಗೆ ಮುನ್ನವೇ ಪ್ರತಿಯೊಬ್ಬರಿಗೂ ಇದರ ಇತಿಮಿತಿಗಳ ಸಹಿತ ಹೇಳುವುದು. ಎರಡನೆಯ ಸುತ್ತಿಗೆ ಹೇಳಿದರೆ ಬಹುಮಟ್ಟಿಗೆ ಪ್ರಯೋಜನವಿಲ್ಲ. ರಾಮನಗರದ ಆಕೆಗೆ ಕೆಂಪು ಔಷಧದ ಮುಂದೆ ಟೋಪಿ ಸೋಲುತ್ತಿತ್ತೇನೋ. ಆದರೆ ಆ ಲೆಕ್ಕವನ್ನು ಹಾಕಬೇಕಾದವಳು ಅವಳು.

ನನ್ನ ಕೂದಲು ಸುಮಾರು ಅರ್ಧದಷ್ಟು ಉಳಿಯಿತು. ನೆತ್ತಿಯ ನಡುವೆ ತೆಳುವಾಯಿತು. ಬೈತಲೆಯನ್ನು ಪಕ್ಕಕ್ಕೆ ಸರಿಸಿ, ತುರುಬು ಚಿಕ್ಕದು ಮಾಡಿ ಕಟ್ಟಿದರೆ ಪರದೆಯ ಮೇಲೆ ಯಾರಿಗೂ ತಿಳಿಯುತ್ತಿರಲಿಲ್ಲ. ಆರನೆಯ ಸುತ್ತು ಮುಗಿದದ್ದು ಅಕ್ಟೋಬರ್ ಮೊದಲ ವಾರದಲ್ಲಿ. ದೀಪಾವಳಿಗೆ ಅಮ್ಮ ತಮ್ಮನ ಜೊತೆ ಹೇಳದೆ ಬಂದಿಳಿದಳು, ಮಗಳಿಗೆ ಎಣ್ಣೆ ಹಚ್ಚಿ ನೀರೆರೆಯಬೇಕೆಂದು.

ನರಕ ಚತುರ್ದಶಿಯ ಬೆಳಗಿನ ಜಾವ ಮಣೆಯ ಮೇಲೆ ಕೂರಿಸಿದಳು. ನನ್ನ ಗಮನವೆಲ್ಲ ನೆತ್ತಿಯ ಮೇಲೆ. ಅಮ್ಮ ಹಣೆಗೆ ಕುಂಕುಮವಿಡಲು ಬಗ್ಗಿದವಳು ಹಾಗೆಯೇ ನಿಂತಳು. ಹಿಂದಿನ ದಿನ ಪೆನ್ಸಿಲಿನಲ್ಲಿ ತೀಡಿದ್ದು ರಾತ್ರಿ ದಿಂಬಿಗೆ ಒರೆಸಿಹೋಗಿತ್ತು. ಟೋಪಿ ನೆತ್ತಿಯನ್ನು ಕಾಯುತ್ತದೆ, ಮುಖವನ್ನಲ್ಲ.

“ಹುಬ್ಬೆಲ್ಲಿ ಹೋಯಿತೇ?” ಎಂದಳು.

ಹೇಳಿದೆ. ಎಲ್ಲವನ್ನೂ, ಜೂನ್‌ನಿಂದ. ಅವಳು ಅಳಲಿಲ್ಲ. ತುರುಬನ್ನು ಬಿಚ್ಚಿ, ಇದ್ದಷ್ಟು ಕೂದಲನ್ನು ಬೆರಳಿನಲ್ಲಿ ಮೆಲ್ಲಗೆ ಬಿಡಿಸಿ ನೋಡಿದಳು. ಎಣ್ಣೆಯ ಬಟ್ಟಲಿಗೆ ಕೈ ಹಾಕಿದಾಗ, ಇನ್ನೂ ಕೆಲವು ವಾರ ತಲೆಯನ್ನು ಉಜ್ಜಬಾರದೆಂದು ಸಿಸ್ಟರ್ ಹೇಳಿದ್ದಾರೆ ಎಂದೆ.

“ಸರಿ, ಉಜ್ಜೋದಿಲ್ಲ” ಎಂದು ಒಂದು ಬೊಟ್ಟು ಎಣ್ಣೆಯನ್ನು ನೆತ್ತಿಗೆ ಮುಟ್ಟಿಸಿದಳು. ಉಳಿದದ್ದನ್ನು ನನ್ನ ಕೈಕಾಲುಗಳಿಗೆ ಹಚ್ಚತೊಡಗಿದಳು.